ಹಳದೀಪುರದ ಕಪಾಟಿಗೆ ಬಾರದ ಎರಡನೇ ಭಾಗ

1944ರಲ್ಲಿ ಜಗತ್ತಿನ ದೊಡ್ಡ ದೊಡ್ಡ ಸಾಮ್ರಾಜ್ಯಗಳು ಒಂದರ ಮೇಲೊಂದು ಬಿದ್ದು ಹೊರಳಾಡುತ್ತಿದ್ದಾಗ, ಹಳದೀಪುರದಲ್ಲಿ ಒಂದು ಸಣ್ಣ ಸಾಮ್ರಾಜ್ಯ ಯಾರ ಕಣ್ಣಿಗೂ ಬೀಳದೆ ನೆಮ್ಮದಿಯಾಗಿತ್ತು. ಅದರ ಅಗಲ ಮೂರೂವರೆ ಅಡಿ, ಎತ್ತರ ಐದಡಿ, ಆಳ ಒಂದಡಿ. ಎರಡು ಬಾಗಿಲು, ಒಂದು ಬೀಗ, ಒಳಗೆ ತೊಂಬತ್ನಾಲ್ಕು ಪ್ರಜೆಗಳು. ‘ಸಾರ್ವಜನಿಕ ವಾಚನಾಲಯ’ ಎಂದು ಬೋರ್ಡು ತಗುಲಿಸಿಕೊಂಡಿದ್ದ ಈ ಕಪಾಟಿನ ದೊರೆಯ ಹೆಸರು ಲಿಂಗಪ್ಪ.

ದೊರೆಗೆ ನಲವತ್ತಾರು ವರ್ಷ. ಬೆಳಿಗ್ಗೆಯಿಂದ ಮೂರು ಗಂಟೆಯವರೆಗೆ ಆತ ಕಪಾಟು ಇದ್ದ ಕಟ್ಟಡದ ಹಿಂಬದಿಯಲ್ಲಿ ತೆಂಗಿನಕಾಯಿ ವ್ಯಾಪಾರಿಯೊಬ್ಬರ ಕೊಬ್ಬರಿ ತೂಗುತ್ತಿದ್ದ. ಮೂರರಿಂದ ಆರರವರೆಗೆ ಎದುರಿನ ಕೋಣೆಯಲ್ಲಿ ರಾಜ್ಯಭಾರ. ಹಿಂದೊಮ್ಮೆ ಶಾಲೆಯಲ್ಲಿ ರಜೆ ಹಾಕಿದ ಮಾಸ್ತರರ ಬದಲಿಗೆ ಹನ್ನೊಂದು ತಿಂಗಳು ಪಾಠ ಹೇಳಿದ್ದರಿಂದ ಊರು ಅವನನ್ನು ‘ಮಾಸ್ತರೆ’ ಎಂದೇ ಕರೆಯುತ್ತಿತ್ತು. ಆ ಹನ್ನೊಂದು ತಿಂಗಳನ್ನು ಅವನೂ ಮರೆತಿರಲಿಲ್ಲ, ಊರಿಗೂ ಮರೆಯಲು ಬಿಟ್ಟಿರಲಿಲ್ಲ.

ಕಪಾಟು ಮೂರೂವರೆ ಅಡಿಯದಾದರೂ ರಾಜ್ಯದ ಗಡಿ ದೂರವಿತ್ತು. ಗಡಿ ವಿಸ್ತರಿಸಿದ ಸೇನಾಪತಿ ತಿಮ್ಮಿ. ಮೀನು ಮಾರುವ ತಿಮ್ಮಿ. ವಾಚನಾಲಯದ ರಜಿಸ್ಟರಿನಲ್ಲಿ ‘ತಿಮ್ಮಿ ಕೋಂ ಸುಬ್ಬ ಹರಿಕಂತ್ರ’, ಅಂದರೆ ಸುಬ್ಬನ ಹೆಂಡತಿ. ಅವಳಿಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ಮೀನಿನ ಬುಟ್ಟಿ ಹೊತ್ತು ದಿನಕ್ಕೆ ಮೂವತ್ತು ಮನೆಯ ಹಿತ್ತಿಲು ಮೆಟ್ಟುವವಳು ಅವಳೊಬ್ಬಳೇ. ಮನೆಯ ಹೆಂಗಸರಿಗೆ ವಾಚನಾಲಯಕ್ಕೆ ಬಂದು ಗಂಡಸರ ನಡುವೆ ನಿಂತು ಪುಸ್ತಕ ಕೇಳುವ ರೂಢಿ ಇರಲಿಲ್ಲ. ಒಂದು ದಿನ ಯಾವುದೋ ಮನೆಯ ಸೊಸೆಯೊಬ್ಬಳು, ನಾಳೆ ಬರುವಾಗ ಲಿಂಗಪ್ಪ ಮಾಸ್ತರರ ಹತ್ತಿರ ಒಂದು ಕತೆ ಪುಸ್ತಕ ಇಸಕೊಂಡು ಬಾ ಎಂದಳು. ತಿಮ್ಮಿ ತಂದುಕೊಟ್ಟಳು. ಅಲ್ಲಿಗೆ ಶುರು. ಬುಟ್ಟಿಯ ಮೇಲೆ ಸಾಗುವಾನಿ ಎಲೆ, ಎಲೆಯ ಮೇಲೆ ಹಳೇ ಬಟ್ಟೆಯ ಗಂಟು, ಗಂಟಿನಲ್ಲಿ ಐದಾರು ಪುಸ್ತಕ. ಒಂದು ಮನೆಯಲ್ಲಿ ಓದಿ ಮುಗಿದದ್ದು ಇನ್ನೊಂದು ಮನೆಗೆ, ಅಲ್ಲಿಯದು ಮತ್ತೊಂದಕ್ಕೆ. ಕಪಾಟಿಗೆ ಮರಳುವಷ್ಟರಲ್ಲಿ ಒಂದೊಂದು ಪುಸ್ತಕ ಎಂಟು ಕೈ ದಾಟಿರುತ್ತಿತ್ತು. ಹಾಳೆ ಮೂಸಿದರೆ ಅದು ಬಂಗಡೆಯ ಕಾಲದಲ್ಲಿ ಹೋದದ್ದೋ ತಾರ್ಲೆಯ ಕಾಲದಲ್ಲಿ ಹೋದದ್ದೋ ಎಂದು ಲಿಂಗಪ್ಪ ಹೇಳಬಲ್ಲವನಾಗಿದ್ದ.

ಲಿಂಗಪ್ಪ ನಿಯಮದ ಮನುಷ್ಯ. ಪುಸ್ತಕ ಎಷ್ಟು ಕೈ ದಾಟಿತೋ ಅಷ್ಟು ಸಲ ರಜಿಸ್ಟರಿನಲ್ಲಿ ದಾಖಲಾಗಬೇಕು, ಪ್ರತಿ ದಾಖಲೆಗೂ ಪುಸ್ತಕ ಒಯ್ದವರ ರುಜು ಬೇಕು. ಒಯ್ದವಳು ತಿಮ್ಮಿ. ಆದ್ದರಿಂದ ಸಂಜೆ ಅವಳು ಬಂದು ಯಾವ ಪುಸ್ತಕ ಯಾವ ಮನೆಯಿಂದ ಯಾವ ಮನೆಗೆ ಹೋಯಿತೆಂದು ಬಾಯಿಪಾಠ ಒಪ್ಪಿಸುವುದು, ಅವನು ಬರೆಯುವುದು, ಅವಳು ಎಡಗೈ ಹೆಬ್ಬೆಟ್ಟು ಒತ್ತುವುದು. ವರ್ಷವಿಡೀ ಅವಳ ಹೆಬ್ಬೆಟ್ಟು ನೀಲಿ. ಮೀನು ಕೊಳ್ಳುವವರು ಕೇಳಿದರೆ, ತನಗೆ ಸರ್ಕಾರಿ ಕೆಲಸ ಇದೆ ಎನ್ನುತ್ತಿದ್ದಳು.

ಇಂಥ ಸುಭಿಕ್ಷ ರಾಜ್ಯದ ದೊರೆಗೆ ಒಂದು ದುಃಖವಿತ್ತು.

ತೊಂಬತ್ನಾಲ್ಕು ಪುಸ್ತಕಗಳಲ್ಲಿ ಮೂರು ಭಾಗದ ಒಂದು ಕಾದಂಬರಿಯ ಮೊದಲನೆಯ ಭಾಗವಿತ್ತು, ಮೂರನೆಯ ಭಾಗವಿತ್ತು, ಎರಡನೆಯದು ಇರಲಿಲ್ಲ. ಎಂಟು ವರ್ಷದ ಹಿಂದೆ ಯಾರೋ ಪುಣ್ಯಾತ್ಮರು ದಾನ ಕೊಟ್ಟಾಗಲೇ ಹಾಗೆ ಬಂದಿತ್ತು. ಮೊದಲನೆಯ ಭಾಗದ ಕೊನೆಯಲ್ಲಿ ಮಂದಾಕಿನಿ ಎಂಬ ಹುಡುಗಿ ತಂಗಿಯ ಮೇಲೆ ಆಣೆ ಇಟ್ಟು, ಮನೆಬಿಟ್ಟು, ಹಾಯಿ ಕಟ್ಟಿದ ಒಂದು ಮಚವೆ ದೋಣಿ ಹತ್ತುತ್ತಾಳೆ. ಮೂರನೆಯ ಭಾಗ ತೆರೆದರೆ ಅವಳ ತಲೆಗೂದಲು ನರೆತಿದೆ, ಜೊತೆಯಲ್ಲಿ ಒಂದು ಮಗುವಿದೆ, ತಂಗಿ ಎದುರು ಬಂದರೆ ಮುಖ ತಿರುಗಿಸುತ್ತಾಳೆ. ನಡುವೆ ಏನಾಯಿತು? ಎಂಟು ವರ್ಷದಿಂದ ಹಳದೀಪುರ ಈ ಪ್ರಶ್ನೆಯ ಮೇಲೆ ಮಲಗಿ ಎದ್ದಿತ್ತು. ಕೊಬ್ಬರಿ ವ್ಯಾಪಾರಿಯ ತಾಯಿ, ಅವಳಿಗೆ ಗೋವೆಯಲ್ಲಿ ಯಾರೋ ಮೋಸ ಮಾಡಿದರೆಂದು ತೀರ್ಪು ಕೊಟ್ಟಿದ್ದರು. ಲಿಂಗಪ್ಪನ ಹೆಂಡತಿ ಸೀತೆ ಹಡಗಿನ ಗುಮಾಸ್ತನೊಬ್ಬನನ್ನು ಸೃಷ್ಟಿಸಿ, ಮದುವೆ ಮಾಡಿಸಿ, ವಿಷಮಜ್ವರದಲ್ಲಿ ಅವನನ್ನು ಕೊಂದೂ ಆಗಿತ್ತು. ಮನೆಮನೆಯ ವಾದವನ್ನು ಬುಟ್ಟಿಯ ಜೊತೆ ಸಾಗಿಸುತ್ತಿದ್ದ ತಿಮ್ಮಿಗೆ ಬೇರೆಯದೇ ಅಭಿಪ್ರಾಯವಿತ್ತು.

“ಹೊಟ್ಟೆಪಾಡಿಗೆ ಎಂತದೋ ಕೆಲ್ಸ ಮಾಡಿರ್ತದೆ ಹೆಣ್ಣು,” ಎನ್ನುತ್ತಿದ್ದಳು. “ಅದನ್ನ ಯಾರೂ ಹೇಳೂದಿಲ್ಲ.”

ಲಿಂಗಪ್ಪನಿಗೆ ಮಾತ್ರ ಯಾವ ಕಲ್ಪನೆಯೂ ಸಾಕಾಗುತ್ತಿರಲಿಲ್ಲ. ಅವನಿಗೆ ಅಚ್ಚಾದದ್ದು ಬೇಕಿತ್ತು. ಕಪಾಟಿನ ಎರಡನೆಯ ಸಾಲಿನಲ್ಲಿ ಆ ಎರಡು ಪುಸ್ತಕಗಳ ನಡುವೆ ಒಂದೂವರೆ ಬೆರಳಿನಷ್ಟು ಜಾಗ ಬಿಟ್ಟಿದ್ದ. ಬೇರೆ ಪುಸ್ತಕ ಅಲ್ಲಿಗೆ ವಾಲಿದರೆ ನೆಟ್ಟಗೆ ನಿಲ್ಲಿಸುತ್ತಿದ್ದ. ಯುದ್ಧದಿಂದ ಕಾಗದಕ್ಕೆ ಬರ ಬಂದಿತ್ತು. ಹಳೆಯ ಕಾದಂಬರಿಯ ನಡುಭಾಗವನ್ನು ಮತ್ತೆ ಅಚ್ಚು ಹಾಕಿಸುವ ಹುಚ್ಚು ಯಾರಿಗೂ ಇರಲಿಲ್ಲ.

ಹೀಗಿರುವಾಗ ವಾಚನಾಲಯಗಳ ಸಮಿತಿಯಿಂದ ಒಂದು ಸುತ್ತೋಲೆ ಬಂತು. ಕುಮಟೆಯ ದೊಡ್ಡ ಗ್ರಂಥಾಲಯದಲ್ಲಿ ಜಾಗ ಸಾಲದೆ ತೆಗೆದ ನೂರೈವತ್ತು ಪುಸ್ತಕಗಳನ್ನು ಪೆಟ್ಟಿಗೆ ಕಟ್ಟಿ ಮೊಹರು ಹಾಕಿ ಇಟ್ಟಿದ್ದಾರೆ. ಅತಿ ಹೆಚ್ಚು ಬಳಕೆಯಾಗುವ ಒಂದು ಸಣ್ಣ ವಾಚನಾಲಯಕ್ಕೆ ಅದನ್ನು ಕೊಡಲಾಗುವುದು. ತಪಾಸಣೆಗೆ ಸಮಿತಿಯ ಕೃಷ್ಣಾನಂದರು ಬರುತ್ತಾರೆ. ಜೊತೆಗೆ ಪುಸ್ತಕಗಳ ಪಟ್ಟಿ. ಎಂಬತ್ತೆಂಟನೆಯ ಸಾಲಿನಲ್ಲಿ ಲಿಂಗಪ್ಪನ ಕಣ್ಣು ನಿಂತಿತು. ಕಾದಂಬರಿಯ ಹೆಸರು, ಮುಂದೆ ‘ಭಾಗ ಎರಡು’.

ಆ ದಿನ ಕೊಬ್ಬರಿಯ ತೂಕ ಎರಡು ಸಲ ತಪ್ಪಿತು.

ಲಿಂಗಪ್ಪ ಇದ್ದಿಲಿನ ಹೊಗೆಯಿಂದ ಓಡುವ ಯುದ್ಧಕಾಲದ ಬಸ್ಸು ಹತ್ತಿ, ಏರು ಬಂದಲ್ಲೆಲ್ಲ ಇಳಿದು ಅದನ್ನು ತಳ್ಳುತ್ತ, ಕುಮಟೆಗೆ ಹೋಗಿ ದೊಡ್ಡ ಗ್ರಂಥಾಲಯದ ಲೆಕ್ಕ ಕೇಳಿಕೊಂಡು ಬಂದ. ಅಲ್ಲಿ ಪುಸ್ತಕ ಮೂರು ಸಾವಿರದ ಇನ್ನೂರು. ವರ್ಷಕ್ಕೆ ಹೊರಗೆ ಹೋದದ್ದು ನಾಲ್ಕು ಸಾವಿರದ ಎಂಟುನೂರು ಸಲ. ಅಂದರೆ ಒಂದು ಪುಸ್ತಕಕ್ಕೆ ಒಂದೂವರೆ ಸಲ. ಹಳದೀಪುರದಲ್ಲಿ ಪುಸ್ತಕ ತೊಂಬತ್ನಾಲ್ಕು. ಹೊರಗೆ ಹೋದದ್ದು ಎರಡು ಸಾವಿರದ ನೂರಾ ಅರವತ್ತೆರಡು ಸಲ. ಭಾಗಿಸಿದ. ಇಪ್ಪತ್ತಮೂರು. ಶೇಷ ಸೊನ್ನೆ. ಗಣಿತ ಇಷ್ಟು ಸೌಜನ್ಯದಿಂದ ಅವನ ಜೊತೆ ನಡೆದುಕೊಂಡದ್ದು ಅದೇ ಮೊದಲು. ಕುಮಟೆಯ ಪುಸ್ತಕ ವರ್ಷಕ್ಕೊಮ್ಮೆ ಮೈಮುರಿದು ಮತ್ತೆ ಮಲಗುತ್ತದೆ, ಹಳದೀಪುರದ ಪುಸ್ತಕಕ್ಕೆ ಕೂರಲು ಪುರುಸೊತ್ತಿಲ್ಲ ಎಂದು ಸಮಿತಿಗೆ ಕೊಡುವ ಅರ್ಜಿಯಲ್ಲಿ ಬರೆದ. ಅತಿಯಾಯಿತೆನಿಸಿ ಹೊಡೆದುಹಾಕಿದ; ಹೊಡೆದದ್ದು ಓದಲು ಬರುವ ಹಾಗೆಯೇ ಹೊಡೆದ.

ಎಪ್ರಿಲ್ ಹದಿನೆಂಟಕ್ಕೆ ತಪಾಸಣೆ ಎಂದು ಕಾರ್ಡು ಬಂತು. ಇಲ್ಲಿಯವರೆಗೆ ದೊರೆ ಬುದ್ಧಿವಂತನಾಗಿಯೇ ಇದ್ದ. ಕಾರ್ಡು ಬಂದ ಸಂಜೆ ಕಪಾಟು ತೆರೆದು ನೋಡಿದ. ಒಳಗಿದ್ದದ್ದು ಹದಿಮೂರು ಪುಸ್ತಕ, ಒಂದು ಜಿರಲೆ. ಇದನ್ನು ದೊಡ್ಡ ಮನುಷ್ಯರಿಗೆ ತೋರಿಸುವುದು ಹೇಗೆ? ನೆಂಟರು ಬರುವಾಗ ಮನೆಯ ಪಾತ್ರೆಗಳೆಲ್ಲ ನೆರೆಮನೆಯಲ್ಲಿದ್ದರೆ ಆಗುವ ನಾಚಿಕೆ ಅವನಿಗಾಯಿತು. ಎಲ್ಲ ಪುಸ್ತಕಗಳನ್ನೂ ವಾಪಸು ತರಿಸಬೇಕೆಂದು ಆಜ್ಞೆ ಹೊರಡಿಸಿದ.

ತಿಮ್ಮಿ ಒಪ್ಪಲಿಲ್ಲ. ಓದುತ್ತ ಇರುವವರ ಕೈಯಿಂದ ಕಿತ್ತುಕೊಂಡು ಬರಲು ತನಗೆ ಮುಖ ಇಲ್ಲವೆಂದಳು. ಸೀತೆಯೂ ಅಡುಗೆಮನೆಯಿಂದಲೇ, ಖಾಲಿ ಕಪಾಟು ಕಂಡರೆ ಅವರಿಗೇ ತಿಳಿಯುವುದಿಲ್ಲವೇ ಎಂದು ಕೇಳಿದಳು. ಲಿಂಗಪ್ಪ ಇಬ್ಬರಿಗೂ ಆಡಳಿತದ ಸೂಕ್ಷ್ಮ ತಿಳಿಯದೆಂದು ಮರುಗಿದ. ಮೂರು ದಿನ ಅವನೊಬ್ಬನದೇ ದಂಡಯಾತ್ರೆ ನಡೆಯಿತು. ಬಾಣಂತಿಯ ತಲೆದಿಂಬಿನಡಿಯಿಂದ, ಅಕ್ಕಿ ಮುಡಿಯ ಮೇಲಿಂದ, ಅಂಚೆಯ ಅಣ್ಣಪ್ಪನ ಚೀಲದಿಂದ ಪುಸ್ತಕಗಳು ಸೆರೆಯಾಗಿ ಬಂದವು. ಲಿಂಗಪ್ಪ ಅವನ್ನು ಅಂಗಳದಲ್ಲಿ ಬಿಸಿಲಿಗೆ ಹರಡಿ, ಮೀನಿನ ವಾಸನೆ ಹೋಗಲೆಂದು ಸಾಂಬ್ರಾಣಿಯ ಹೊಗೆ ಹಾಕಿ, ಹೊಸ ಕಾಗದದ ಹೊದಿಕೆ ಸಿಗದ್ದರಿಂದ ಹಳೆಯ ಕ್ಯಾಲೆಂಡರಿನ ಹಾಳೆ ಹೊದಿಸಿದ. ಹದಿನೇಳರ ಸಂಜೆ, ಎಂಟು ವರ್ಷದಲ್ಲಿ ಮೊದಲ ಸಲ, ತೊಂಬತ್ನಾಲ್ಕು ಪ್ರಜೆಗಳೂ ಒಟ್ಟಿಗೆ ಸಾಲಾಗಿ ನಿಂತಿದ್ದರು. ಲಿಂಗಪ್ಪ ಬಹಳ ಹೊತ್ತು ನೋಡಿದ. ರಾಜ್ಯ ದೊಡ್ಡದೆನಿಸಿತು.

ಕೃಷ್ಣಾನಂದರು ಒಣಕಲು ಆಳು. ಸೌಮ್ಯವಾಗಿ ಮಾತಾಡುತ್ತಿದ್ದರು, ಕಂಡದ್ದನ್ನು ಮಾತ್ರ ನಂಬುತ್ತಿದ್ದರು. ಮೂರು ಗಂಟೆಗೆ ಬಂದು ಕಪಾಟಿನ ಪುಸ್ತಕ ಎಣಿಸಿದರು. ತೊಂಬತ್ನಾಲ್ಕು. ಮತ್ತೆ ಎಣಿಸಿದರು. ಕೋಣೆಯಲ್ಲಿ ಓದುಗರು ಒಬ್ಬರೂ ಇರಲಿಲ್ಲ. ಪುಸ್ತಕ ಕಿತ್ತುಕೊಂಡ ಸಿಟ್ಟಿಗೆ ಊರಿನವರು ಯಾರೂ ಆ ಕಡೆ ಸುಳಿದಿರಲಿಲ್ಲ. ಅವರು ಕುರ್ಚಿಯಲ್ಲಿ ಕುಳಿತು ಕನ್ನಡಕ ಒರೆಸಿಕೊಂಡರು.

“ಒಂದೂ ಹೊರಗೆ ಹೋಗಿಲ್ಲವಲ್ಲ, ಲಿಂಗಪ್ಪನವರೆ?”

ಮೊನ್ನೆಮೊನ್ನೆಯವರೆಗೆ ಎಂಬತ್ತೊಂದು ಹೊರಗಿದ್ದವು, ತಮಗೆ ತೋರಿಸಲೆಂದೇ ತರಿಸಿದೆ ಎಂದು ಲಿಂಗಪ್ಪ ವಿವರಿಸಿದ. ವಿವರಿಸುತ್ತ ಇರುವಾಗಲೇ ತಾನು ಮಾಡಿಕೊಂಡದ್ದು ಏನೆಂದು ಅವನಿಗೆ ಹೊಳೆಯಿತು.

ಕೃಷ್ಣಾನಂದರು ರಜಿಸ್ಟರು ತಿರುಗಿಸಿದರು. ಪುಟಪುಟಕ್ಕೂ ನೀಲಿ ಹೆಬ್ಬೆಟ್ಟು, ಸಾಲುಸಾಲಾಗಿ, ಒಂದೇ ಬೆರಳಿನದು. ವರ್ಷದಲ್ಲಿ ಸಾವಿರದ ಮುನ್ನೂರಾ ಹನ್ನೊಂದು ಪುಸ್ತಕ ಓದಿದ ಈ ಮಹಾವಿದುಷಿ ಯಾರೆಂದು ಕೇಳಿದರು. ಆ ಹೊತ್ತಿಗೆ ಸರಿಯಾಗಿ ವಿದುಷಿ ಬುಟ್ಟಿ ಇಳಿಸಿ ಬಾಗಿಲಲ್ಲಿ ನಿಂತಿದ್ದಳು. ಅವರು ಒಂದು ಪುಸ್ತಕ ತೆರೆದು, ಒಂದು ಸಾಲು ಓದುವಂತೆ ವಿನಯದಿಂದಲೇ ಹೇಳಿದರು.

“ಓದೂಕೆ ಬರೂದಿಲ್ಲ ಒಡೆಯಾ,” ಎಂದಳು ತಿಮ್ಮಿ. “ಹೊರೂಕೆ ಬರ್ತದೆ.”

“ಓದಲು ಬಾರದವರಿಗೆ ಪುಸ್ತಕ ಎಂತಕ್ಕಮ್ಮ?”

“ಬುಟ್ಟಿ ಮೀನೆಲ್ಲ ನಾನೇ ತಿಂತೆನಾ?”

ಕೃಷ್ಣಾನಂದರ ತುಟಿ ಸ್ವಲ್ಪ ಅಲುಗಿತು. ಒಳ್ಳೆಯ ಮನುಷ್ಯ, ನಕ್ಕರೂ ನಗಬಹುದಿತ್ತು. ಆದರೆ ಅವರು ಬರೆಯಬೇಕಾದ ವರದಿಯಲ್ಲಿ ಎರಡೇ ಕಾಲಂಗಳಿದ್ದವು: ತಪಾಸಣೆಯ ದಿನ ಕಪಾಟಿನಲ್ಲಿ ಇದ್ದದ್ದು, ಹೊರಗೆ ಇದ್ದದ್ದು. ಮೊದಲನೆಯದರಲ್ಲಿ ತೊಂಬತ್ನಾಲ್ಕು ಬರೆದರು, ಎರಡನೆಯದರಲ್ಲಿ ಸೊನ್ನೆ. ಅಕ್ಷರ ದುಂಡಗಿದೆ ಎಂದು ರಜಿಸ್ಟರನ್ನು ಹೊಗಳಿ ಐದರ ಬಸ್ಸಿಗೆ ಹೋದರು.

ಪೆಟ್ಟಿಗೆ ಹೊನ್ನಾವರದ ಹೊಳೆಯಾಚೆಯ ಒಂದು ಹಳ್ಳಿಗೆ ಹೋಯಿತು. ಅಲ್ಲಿಯ ಕಪಾಟಿನಲ್ಲಿ ತಪಾಸಣೆಯ ದಿನ ಒಂದೇ ಒಂದು ಪುಸ್ತಕ ಇರಲಿಲ್ಲವಂತೆ. ಎಲ್ಲವೂ ಓದುಗರ ಕೈಯಲ್ಲಿವೆ, ಇಂಥ ವಾಚನಾಭಿರುಚಿ ಇಡೀ ಕರಾವಳಿಯಲ್ಲಿ ಕಾಣೆನೆಂದು ಕೃಷ್ಣಾನಂದರು ಬರೆದಿದ್ದರು. ನಿಜಸಂಗತಿ ತಿಮ್ಮಿಯಿಂದ ತಿಳಿಯಿತು. ಅವಳ ಗಂಡನ ತಂಗಿ ಜಟ್ಟಿಯನ್ನು ಕೊಟ್ಟದ್ದು ಆ ಹಳ್ಳಿಗೇ. ಇಬ್ಬರೂ ಹೊನ್ನಾವರದ ಮೀನುಪೇಟೆಯಲ್ಲಿ ವಾರಕ್ಕೆರಡು ಸಲ ಭೇಟಿಯಾಗುತ್ತಿದ್ದರು. ಅಲ್ಲಿಯ ಪುಸ್ತಕಗಳನ್ನೆಲ್ಲ ಒರಲೆ ಹುಳಗಳು ಓದಿ ಮುಗಿಸಿದ್ದವು. ಆಚೆ ವರ್ಷವೇ.

ಲಿಂಗಪ್ಪ ಸಿಟ್ಟಾಗಲಿಲ್ಲ, ಅಳಲೂ ಇಲ್ಲ. ಪುಸ್ತಕಗಳನ್ನು ಮತ್ತೆ ಊರಿಗೆ ಬಿಟ್ಟ. ಎರಡೇ ದಿನದಲ್ಲಿ ಕಪಾಟು ಖಾಲಿಯಾಯಿತು. ಆಮೇಲೆ ಸಂಜೆ ಆರಕ್ಕೆ ಬೀಗ ಹಾಕಿ, ಮನೆಗೆ ಹೋಗುವ ಬದಲು ಹೊನ್ನಾವರದ ದಾರಿಯಲ್ಲಿ ಅರ್ಧ ಮೈಲು ನಡೆದು ವಾಪಸು ಬರುವ ಚಾಳಿ ಹತ್ತಿತು. ಯಾಕೆಂದು ಸೀತೆ ಕೇಳಿದರೆ ಗಾಳಿಗೆ ಎನ್ನುತ್ತಿದ್ದ. ಗಾಳಿ ಪಡುವಣದ ಸಮುದ್ರದಿಂದ ಬರುತ್ತದೆ, ಅವನು ನಡೆಯುತ್ತಿದ್ದದ್ದು ತೆಂಕಣಕ್ಕೆ ಎಂದು ಅವಳಿಗೆ ಗೊತ್ತಿತ್ತು. ಎಂಟು ವರ್ಷ ಆ ಪುಸ್ತಕ ಎಲ್ಲೂ ಇರಲಿಲ್ಲ. ಇಲ್ಲದ್ದನ್ನು ಬಯಸುವುದು ಅವನಿಗೆ ರೂಢಿಯಾಗಿತ್ತು. ಈಗ ಅದು ಮೂರು ಗಂಟೆಯ ನಡಿಗೆ ಮತ್ತು ಒಂದು ತಾರಿ ದೋಣಿಯಲ್ಲಿ ಹೊಳೆ ದಾಟಿದರೆ ಸಿಗುವಲ್ಲಿ, ಒಂದು ಪೆಟ್ಟಿಗೆಯೊಳಗೆ ಕತ್ತಲೆಯಲ್ಲಿ ಕುಳಿತಿತ್ತು. ಇದಕ್ಕೆ ಯಾವ ರೂಢಿಯೂ ಸಾಲಲಿಲ್ಲ.

ಮೇ ತಿಂಗಳ ಕೊನೆಯ ಆದಿತ್ಯವಾರ, ನಡುಮಧ್ಯಾಹ್ನ ದಾಟಿ ಎರಡು ಗಂಟೆಯ ಹೊತ್ತಿಗೆ, ತಿಮ್ಮಿ ಲಿಂಗಪ್ಪನ ಮನೆಯ ಅಂಗಳಕ್ಕೆ ಬಂದಳು. ಬುಟ್ಟಿಯಲ್ಲಿ ಮೀನಿರಲಿಲ್ಲ. ಹಳೇ ಬಟ್ಟೆಯ ಗಂಟು ಬಿಚ್ಚಿ, ಅದರೊಳಗಿದ್ದದ್ದನ್ನು ಜಗಲಿಯ ಮೇಲಿಟ್ಟಳು. ಲಿಂಗಪ್ಪನಿಗೆ ಕನ್ನಡಕ ಬೇಕಾಗಲಿಲ್ಲ. ದಪ್ಪದಿಂದಲೇ ಗುರುತು ಸಿಕ್ಕಿತು. ಒಂದೂವರೆ ಬೆರಳು.

ಜಟ್ಟಿ ಅಲ್ಲಿಯ ವಾಚನಾಲಯದ ಕಾರ್ಯದರ್ಶಿಯ ಹೆಂಡತಿಗೆ ಮೀನು ಕೊಡುವವಳು. ಪೆಟ್ಟಿಗೆಯ ಪುಸ್ತಕಗಳಿಗೆ ಸೋಮವಾರ ಶಿಕ್ಕಾ ಹೊಡೆಯುವವರೆಗೆ ಒಂದು ದಿನದ ಮಟ್ಟಿಗೆಂದು ಆಕೆಯ ಕೈಯಿಂದ ಇಸಕೊಂಡಿದ್ದಳು. ನಾಳೆ ಬೆಳಗಿನ ಮೊದಲ ತಾರಿಗೆ ಅದು ಹೊಳೆ ದಾಟಬೇಕು. ತಿಮ್ಮಿ ಮಾತು ಕೊಟ್ಟು ಬಂದಿದ್ದಾಳೆ.

ಲಿಂಗಪ್ಪ ಲೆಕ್ಕ ಹಾಕಿದ. ಪುಟ ಇನ್ನೂರ ಎಂಬತ್ತೆರಡು. ಸೀಮೆಎಣ್ಣೆ ರೇಷನ್ನು, ತಿಂಗಳ ಪಾಲು ಇಪ್ಪತ್ತನೇ ತಾರೀಖಿಗೇ ತೀರಿತ್ತು. ಹೊತ್ತು ಮುಳುಗಲು ಐದು ಗಂಟೆ ಇದೆ. ತಾನು ಮನಸ್ಸಿನಲ್ಲೇ ಓದಿದರೆ ಗಂಟೆಗೆ ಅರವತ್ತು ಪುಟ. ಮುಗಿಯುತ್ತದೆ; ಉಸಿರು ಬಿಡದೆ ಓದಿದರೆ ಮುಗಿದೇ ಮುಗಿಯುತ್ತದೆ. ಕೈ ತೊಳೆದು, ಕಂಬಕ್ಕೆ ಬೆನ್ನು ಕೊಟ್ಟು, ಮೊದಲ ಪುಟ ತೆರೆದ.

ತಿಮ್ಮಿ ಹೋಗಲಿಲ್ಲ. ಜಗಲಿಯ ಕೆಳಗಿನ ಮೆಟ್ಟಿಲಲ್ಲಿ ಕುಳಿತು ತಲೆಯ ಸಿಂಬೆಯನ್ನು ಬಿಚ್ಚಿ ಮಡಿಲಲ್ಲಿಟ್ಟುಕೊಂಡಳು.

“ದೊಡ್ಡಕೆ ಓದಿ ಮಾಸ್ತರೆ.”

ಲಿಂಗಪ್ಪ ತಲೆ ಎತ್ತಿದ. ದೊಡ್ಡಕೆ ಓದಿದರೆ ಮುಗಿಯುವುದಿಲ್ಲ, ನಾನು ಓದಿ ಆಮೇಲೆ ಕತೆ ಹೇಳುತ್ತೇನೆಂದ.

“ಎಲ್ಲಾರೂ ಹಂಗೇ ಹೇಳ್ತ್ರು,” ಎಂದಳು ತಿಮ್ಮಿ. ದೂರಿನ ದನಿ ಇರಲಿಲ್ಲ. “ಒಂದು ಮನೆ ಹಿತ್ಲಲ್ಲಿ ಮೊದ್ಲು ಕೇಳ್ತೆ, ಇನ್ನೊಂದು ಮನೇಲಿ ಕೊನೆ ಕೇಳ್ತೆ. ಮೀನು ಹಳಸ್ತದೆ, ನಿಂತ್ಕಂಬುಕೆ ಆಗ್ತಿಲ್ಲ. ಒಂದು ಪುಸ್ತಕನೂ ಕೂತ್ಕಂಡು ಕೇಳ್ಲಿಲ್ಲ ನಾನು. ಇವತ್ತು ಮೀನು ತರ್ಲಿಲ್ಲ.”

ಸಾವಿರದ ಮುನ್ನೂರಾ ಹನ್ನೊಂದು ಎಂದು ತಾನೇ ದುಂಡಗೆ ಬರೆದಿದ್ದ ಸಂಖ್ಯೆ ಲಿಂಗಪ್ಪನಿಗೆ ನೆನಪಾಯಿತು. ಅವನು ಪುಸ್ತಕ ನೋಡಿದ, ಸೂರ್ಯನನ್ನು ನೋಡಿದ. ಎಂಟು ವರ್ಷದ ಆಸೆ, ನಿನಗೇನು ಹುಚ್ಚೇ ಎಂದು ಕೇಳುತ್ತಿತ್ತು. ಅವನು ಗಂಟಲು ಸರಿಮಾಡಿಕೊಂಡು ಓದಲು ಶುರುಮಾಡಿದ. ಒಳಗಿನಿಂದ ಸೀತೆ ಬಂದು ಬಾಗಿಲಿಗೆ ಒರಗಿ ಕುಳಿತಳು.

ಕಾದಂಬರಿಕಾರ ಮಹಾಶಯನಿಗೆ ಹಳದೀಪುರದ ಸೀಮೆಎಣ್ಣೆಯ ಪರಿಸ್ಥಿತಿ ತಿಳಿದಿರಲಿಲ್ಲ. ಮಚವೆಯ ಮೇಲಿಂದ ಕಂಡ ಸೂರ್ಯೋದಯವನ್ನೇ ಒಂಬತ್ತು ಪುಟ ವರ್ಣಿಸಿದ್ದ. ಪುಸ್ತಕದಲ್ಲಿ ಸೂರ್ಯ ಏಳುತ್ತಲೇ ಇದ್ದ, ಹಳದೀಪುರದಲ್ಲಿ ಇಳಿಯುತ್ತಲೇ ಇದ್ದ. ಲಿಂಗಪ್ಪ ಮೆಲ್ಲನೆ ಎರಡು ಹಾಳೆ ಒಟ್ಟಿಗೆ ಮಗುಚಿದ. ಪುಟದ ಸದ್ದು ಬೇರೆಯಾಯಿತೆಂದು ತಿಮ್ಮಿ ಹೇಳಿದಳು. ಮಗುಚಿದ್ದನ್ನು ವಾಪಸು ಮಗುಚಬೇಕಾಯಿತು. ಮಧ್ಯೆ ಮಧ್ಯೆ ಅವಳ ಪ್ರಶ್ನೆಗಳು: ಮಚವೆಯಲ್ಲಿ ಎಷ್ಟು ಜನ, ಗಾಳಿ ಯಾವ ಕಡೆಯದು, ಊಟಕ್ಕೆ ಎಂತ ಮಾಡಿದರು. ಬರೆದವನು ಅದನ್ನೆಲ್ಲ ಬಿಟ್ಟಿದ್ದ. ಆ ಗಾಳಿಗೆ ಆ ಹಾಯಿ ಹಾಕಿದರೆ ಮಚವೆ ಮಗುಚುತ್ತದೆ ಎಂದು ತಿಮ್ಮಿ ತಿದ್ದಿದಳು.

ಎಪ್ಪತ್ತನೆಯ ಪುಟದಲ್ಲಿ ಮಂದಾಕಿನಿ ಮಂಗಳೂರಿನ ದಕ್ಕೆಯಲ್ಲಿ ಇಳಿದಳು. ತೊಂಬತ್ತರಲ್ಲಿ ಒಂದು ದೊಡ್ಡ ಮನೆಯ ಅಡಿಗೆಗೆ ಸೇರಿದಳು. ತಿಮ್ಮಿ ಸೀತೆಯ ಕಡೆ ನೋಡಿದಳು. ಸೀತೆ ತನ್ನ ಹಡಗಿನ ಗುಮಾಸ್ತನಿಗೆ ಎರಡನೆಯ ಸಲ ಶ್ರಾದ್ಧ ಮಾಡಿದವಳಂತೆ ಕೈ ಕೊಡವಿಕೊಂಡಳು. ನೂರಾ ಹತ್ತರಲ್ಲಿ ತಂಗಿಯಿಂದ ಒಂದು ಕಾಗದ ಬಂತು. ಮಂದಾಕಿನಿ ಅದನ್ನು ಒಡೆಯದೆ ಒಲೆಯ ಪಕ್ಕದ ಗೂಡಿನಲ್ಲಿಟ್ಟಳು. ಲಿಂಗಪ್ಪನ ಸ್ವರ ಒಡೆದುಹೋಗಿತ್ತು. ಪುಸ್ತಕವನ್ನು ಮುಖದ ಹತ್ತಿರ ತಂದ, ಆಮೇಲೆ ಜಗಲಿಯಿಂದ ಇಳಿದು ಅಂಗಳಕ್ಕೆ, ಅಂಗಳದಿಂದ ಬೇಲಿಯ ದಣಪೆಗೆ, ಬೆಳಕು ಹೋದಲ್ಲೆಲ್ಲ ಅದರ ಹಿಂದೆ ಹೋದ. ಹೆಂಗಸರಿಬ್ಬರೂ ಜೊತೆಗೆ ಹೋದರು. ನೂರಾ ಹದಿನಾಲ್ಕನೆಯ ಪುಟದಲ್ಲಿ ಅಕ್ಷರಗಳು ಒಂದಕ್ಕೊಂದು ಕೂಡಿಕೊಂಡವು.

ಕೊನೆಯ ಹಾಳೆ ತಿರುಗಿಸಿ, ಪಶ್ಚಿಮದ ಉಳಿದ ಕೆಂಪಿಗೆ ಹಿಡಿದ. ನಾಲ್ಕು ಸಾಲಾದರೂ ಕಾಣಬಹುದೇನೋ.

“ಕೊನೆ ಎಂತಕ್ಕೆ,” ಎಂದಳು ತಿಮ್ಮಿ. “ಕೊನೆ ನಮ್ಗೆ ಗೊತ್ತಿತ್ತಲ್ಲ. ಆ ಕಾಗ್ದ ಒಡೆದ್ಲಾ ಇಲ್ವಾ, ಅದು ಬೇಕಾದ್ದು.”

ಅದು ಎಲ್ಲೋ ನಡುವಿನ ನೂರಾ ಅರವತ್ತೆಂಟು ಪುಟಗಳಲ್ಲಿತ್ತು. ಲಿಂಗಪ್ಪ ಪುಸ್ತಕ ಮುಚ್ಚಿದ. ಮಾತು ಕೊಟ್ಟವಳು ತಿಮ್ಮಿ. ಒಂದು ದಿನ ತಡವಾದರೆ ದಂಡ ಎಂದು ಎಂಟು ವರ್ಷ ಊರಿಗೆ ಬೋಧಿಸಿದವನು ತಾನು. ಇಟ್ಟುಕೊಳ್ಳೋಣ ಎಂಬ ಮಾತನ್ನು ಇಬ್ಬರೂ ಆಡಲಿಲ್ಲ. ಅವನೇ ಬಟ್ಟೆಯಲ್ಲಿ ಸುತ್ತಿ, ಗಂಟು ಹಾಕಿ, ಬುಟ್ಟಿಯಲ್ಲಿಟ್ಟ. ಮಳೆಗಾಲ ಬಂತು, ಇನ್ನು ಕಡಲಿಗೆ ದೋಣಿ ಇಳಿಯುವುದಿಲ್ಲ, ಮೀನುಪೇಟೆಯಿಲ್ಲ, ಜಟ್ಟಿ ತಾರಿ ದಾಟಿ ಬರುವುದಿಲ್ಲ. ತಿಮ್ಮಿ ನಾಟಿ ಕೆಲಸಕ್ಕೆ ಹೋಗುತ್ತಾಳೆ. ನೂಲಹುಣ್ಣಿಮೆಗೆ ಸಮುದ್ರಕ್ಕೆ ಕಾಯಿ ಬಿಟ್ಟ ಮೇಲೆ ಮತ್ತೆ ಕೇಳಿ ನೋಡಬಹುದು ಎಂದಳು. ಕೊಡುತ್ತಾರೆಂದು ಅವಳು ಹೇಳಲಿಲ್ಲ. ಬುಟ್ಟಿ ತಲೆಗೇರಿಸಿ, ಹೊನ್ನಾವರದ ರಸ್ತೆ ಹಿಡಿದಳು. ಲಿಂಗಪ್ಪ ಅರ್ಧ ಮೈಲು ಜೊತೆಗೆ ನಡೆದ, ಗಾಳಿಗೆ.

ಜೂನ್ ಎಂಟಕ್ಕೆ ಮಳೆ ಹಿಡಿಯಿತು. ಮೀನಿನ ಬುಟ್ಟಿ ತಿರುಗದ ಆ ಎರಡು ತಿಂಗಳು ಹಳದೀಪುರದ ವಾಚನಾಲಯದಿಂದ ಹೊರಗೆ ಹೋದ ಪುಸ್ತಕಗಳು ಅರವತ್ತೆಂಟು ಮಾತ್ರ. ಸಮಿತಿಗೆ ಕಳಿಸುವ ತಖ್ತೆಯಲ್ಲಿ, ಬಳಕೆ ಇಳಿದಿದ್ದರೆ ಕಾರಣ ನಮೂದಿಸಬೇಕೆಂದು ಒಂದು ಕಾಲಂ ಇತ್ತು. ಲಿಂಗಪ್ಪ ಸೋರುವ ಮಾಡಿನಡಿ ತಖ್ತೆಯನ್ನು ಅತ್ತ ಇತ್ತ ಸರಿಸುತ್ತ ಬಹಳ ಹೊತ್ತು ಯೋಚಿಸಿದ. ಮಳೆ ಎಂದು ಬರೆದ. ಅದು ಪೂರ್ತಿ ನಿಜವಲ್ಲವೆನಿಸಿ ಹೊಡೆದುಹಾಕಿದ. ಕೆಳಗೆ, ಕೃಷ್ಣಾನಂದರು ಹೊಗಳಿದ ಅದೇ ದುಂಡು ಅಕ್ಷರದಲ್ಲಿ, ‘ಓದುಗರು ಕಾಯುತ್ತಿದ್ದಾರೆ’ ಎಂದು ಬರೆದು ರುಜು ಹಾಕಿದ.